ಕೊನೆ ಗೊತ್ತಿದ್ದೂ ಮತ್ತೆ ನೋಡಬಹುದಾದ ಅಪರಾಧ ಚಿತ್ರಗಳು

ಇತ್ತೀಚಿನ ಪತ್ರಗಳಲ್ಲಿ ಅಪರಾಧ ಕಥಾವಸ್ತುವಿನ ಸಿನಿಮಾಗಳ ಬಗ್ಗೆ ಕೇಳಿದವರೇ ಹೆಚ್ಚು. ಆದ್ದರಿಂದ ಈ ಸಂಚಿಕೆಯ ಪ್ರಶ್ನೋತ್ತರವನ್ನು ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಕಥೆಯ ಎಳೆಯನ್ನು ಅಗತ್ಯವಿದ್ದಷ್ಟೇ ಹೇಳಿದ್ದೇವೆ. ರಹಸ್ಯವಿರುವ ಯಾವ ಚಿತ್ರದ ಕೊನೆಯನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ.

ಪ್ರಶ್ನೆ: ನಾನೂ ನನ್ನ ಪತ್ನಿಯೂ ವಾರಕ್ಕೊಂದೆರಡು ಸಂಜೆ ಮನೆಯಲ್ಲೇ ಸಿನಿಮಾ ನೋಡುತ್ತೇವೆ. ಪತ್ತೇದಾರಿ ಕಥೆಗಳೆಂದರೆ ಇಬ್ಬರಿಗೂ ಇಷ್ಟ. ಆದರೆ ಈಚೆಗೆ ನೋಡಿದ ಹೆಚ್ಚಿನವು ಗುಟ್ಟು ರಟ್ಟಾದ ಕೂಡಲೇ ಮರೆತುಹೋಗುತ್ತವೆ, ರಕ್ತಪಾತವೂ ಮಿತಿ ಮೀರಿದೆ. ಮನಸ್ಸಿನಲ್ಲಿ ಉಳಿಯುವಂಥ ಒಂದೆರಡು ಚಿತ್ರಗಳನ್ನು ಸೂಚಿಸುವಿರಾ?
ನಿವೃತ್ತ ಉಪನ್ಯಾಸಕರು, ಶಿರಸಿ

ಉತ್ತರ: ಕೊಂದವರು ಯಾರು ಎಂಬ ಒಂದೇ ಪ್ರಶ್ನೆಯನ್ನು ನೆಚ್ಚಿಕೊಂಡ ಚಿತ್ರದಲ್ಲಿ, ಆ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಅಪರಾಧವೊಂದು ನಡೆದಾಗ ಅದರ ಸುತ್ತಲಿನ ಜನ ಹೇಗೆ ನಡೆದುಕೊಳ್ಳುತ್ತಾರೆ, ಯಾರು ಏನನ್ನು ಕಳೆದುಕೊಳ್ಳಲು ಸಿದ್ಧರಾಗುತ್ತಾರೆ, ಯಾರು ಕಂಡೂ ಕಾಣದಂತೆ ಇದ್ದುಬಿಡುತ್ತಾರೆ ಎಂಬುದನ್ನು ಸಾವಧಾನವಾಗಿ ತೋರಿಸುವ ಚಿತ್ರ ಎರಡನೆಯ ಸಲವೂ ನೋಡಿಸಿಕೊಳ್ಳುತ್ತದೆ. ಯಾವುದನ್ನೇ ಶಿಫಾರಸು ಮಾಡುವ ಮೊದಲು ನಾನು ನನ್ನನ್ನು ಕೇಳಿಕೊಳ್ಳುವುದು ಇಷ್ಟೇ: ಕೊನೆ ಗೊತ್ತಿದ್ದೂ ಇದನ್ನು ಮತ್ತೆ ನೋಡಲು ಕೂರುತ್ತೇನೆಯೇ?

ಹಾಗೆ ಕೇಳಿಕೊಂಡಾಗಲೆಲ್ಲ ನನಗೆ ಮೊದಲು ನೆನಪಾಗುವುದು ಜಪಾನಿನ ಅಕಿರ ಕುರೊಸಾವಾ 1963ರಲ್ಲಿ ನಿರ್ದೇಶಿಸಿದ ‘ಹೈ ಅಂಡ್ ಲೋ’. ಗೊಂಡೊ ಎಂಬಾತ ಪಾದರಕ್ಷೆ ಕಂಪನಿಯೊಂದರ ಹಿರಿಯ ಅಧಿಕಾರಿ. ಕಂಪನಿಯ ಹಿಡಿತವನ್ನು ತನ್ನ ಕೈಗೆ ತಂದುಕೊಳ್ಳಲೆಂದು ಮನೆಮಾರನ್ನೆಲ್ಲ ಅಡವಿಟ್ಟು ಹಣ ಹೊಂದಿಸಿಕೊಂಡಿದ್ದಾನೆ. ಅದೇ ಸಂಜೆ ದೂರವಾಣಿ ಕರೆ ಬರುತ್ತದೆ: ನಿನ್ನ ಮಗನನ್ನು ಅಪಹರಿಸಿದ್ದೇವೆ, ಮೂರು ಕೋಟಿ ಯೆನ್ ಕೊಡು. ಎಷ್ಟಾದರೂ ಕೊಡಲು ಗೊಂಡೊ ಮುಂದಾಗುತ್ತಿರುವಾಗಲೇ ಮಗ ಮನೆಯೊಳಗೆ ನಡೆದುಬರುತ್ತಾನೆ. ಅಪಹರಣಕಾರ ತಪ್ಪಿ ಹೊತ್ತೊಯ್ದದ್ದು ಕಾರಿನ ಚಾಲಕನ ಮಗನನ್ನು. ಆದರೂ ಅವನು ಬೇಡಿಕೆಯಿಂದ ಹಿಂದೆ ಸರಿಯುವುದಿಲ್ಲ. ಬೇರೆಯವರ ಮಗುವಿಗಾಗಿ ತನ್ನ ಸರ್ವಸ್ವವನ್ನೂ ಕಳೆದುಕೊಳ್ಳಬೇಕೇ ಎಂಬ ಪ್ರಶ್ನೆಯ ಎದುರು ಗೊಂಡೊನನ್ನು ನಿಲ್ಲಿಸಿ, ಕುರೊಸಾವಾ ಸುಮಾರು ಒಂದು ಗಂಟೆ ಕಾಲ ನಮ್ಮನ್ನು ಬಹುತೇಕ ಅವನ ಮನೆಯ ನಡುಮನೆಯಿಂದ ಹೊರಗೆ ಬಿಡುವುದಿಲ್ಲ. ಅಗಲವಾದ ಚೌಕಟ್ಟಿನಲ್ಲಿ ಪೊಲೀಸರು, ಹೆಂಡತಿ, ಕಾರ್ಯದರ್ಶಿ ಎಲ್ಲರೂ ಒಟ್ಟಿಗೆ ಕಾಣುತ್ತಿರುತ್ತಾರೆ. ಚಾಲಕ ಮಾತ್ರ ತಲೆ ತಗ್ಗಿಸಿ ಒಂದು ಮೂಲೆಯಲ್ಲಿ ನಿಂತಿರುತ್ತಾನೆ. ಯಜಮಾನನ ಮನಸ್ಸು ಯಾವ ಕಡೆಗೆ ವಾಲುತ್ತದೆಂದು ಕಾಯುವ ಆ ಮನುಷ್ಯನ ನಿಲುವನ್ನು ನೋಡುವುದಕ್ಕಾಗಿಯೇ ಈ ಚಿತ್ರವನ್ನು ಇನ್ನೊಮ್ಮೆ ನೋಡಬಹುದು.

ಆಮೇಲೆ ಕಥೆ ರೈಲಿಗೆ ಏರುತ್ತದೆ, ಅಲ್ಲಿಂದ ಯೊಕೊಹಾಮಾದ ಸೆಕೆಯ ಬೀದಿಗಳಿಗೆ ಇಳಿಯುತ್ತದೆ. ಬೆಟ್ಟದ ಮೇಲಿನ ಗೊಂಡೊನ ತಂಪು ಮನೆ ಕೆಳಗಿನ ಇಕ್ಕಟ್ಟಾದ ಕೋಣೆಯೊಂದರಿಂದ ನೋಡಿದರೆ ಹೇಗೆ ಕಾಣುತ್ತದೆ ಎಂಬುದು ಆಗ ತಿಳಿಯುತ್ತದೆ. ಪೊಲೀಸರ ತನಿಖೆಯನ್ನು ಇಷ್ಟು ವಿವರವಾಗಿ, ಇಷ್ಟು ಗೌರವದಿಂದ ತೋರಿಸಿದ ಚಿತ್ರಗಳು ವಿರಳ. ಇಡೀ ಚಿತ್ರ ಕಪ್ಪು ಬಿಳುಪಿನಲ್ಲಿದ್ದು, ಒಂದೇ ಒಂದು ಕಡೆ ಮಾತ್ರ ಬಣ್ಣ ಕಾಣಿಸಿಕೊಳ್ಳುತ್ತದೆ. ಎಲ್ಲಿ ಎಂಬುದನ್ನು ನೀವೇ ನೋಡಬೇಕು. ಅವಧಿ ಎರಡು ಗಂಟೆಗೂ ಹೆಚ್ಚು, ರಕ್ತ ಎಂಬುದು ಇಲ್ಲವೆಂದರೂ ಸಲ್ಲುತ್ತದೆ.

ಎರಡನೆಯದಾಗಿ, ಮಲಯಾಳಂನ ಕೆ.ಜಿ. ಜಾರ್ಜ್ ಅವರ ‘ಯವನಿಕ’ (1982). ಊರಿಂದೂರಿಗೆ ಸುತ್ತುವ ನಾಟಕ ತಂಡವೊಂದರ ತಬಲಾ ವಾದಕ ಅಯ್ಯಪ್ಪನ್ ಕಾಣೆಯಾಗುತ್ತಾನೆ. ಕುಡುಕ, ಒರಟ, ಆದರೆ ಕೈಯಲ್ಲಿ ವಿದ್ಯೆ ಇದ್ದವನು. ಭರತ್ ಗೋಪಿ ಆ ಪಾತ್ರಕ್ಕೆ ತುಂಬಿರುವ ಜೀವ ಅಸಾಮಾನ್ಯವಾದದ್ದು. ತನಿಖೆಗೆ ಬರುವ ಅಧಿಕಾರಿಯಾಗಿ ಮಮ್ಮುಟ್ಟಿ ತಂಡದವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ ಪ್ರಶ್ನಿಸುತ್ತಾರೆ. ಅವರು ಹೇಳಿದ್ದೂ ಹೇಳದೆ ಬಿಟ್ಟಿದ್ದೂ ಕೂಡಿ ರಂಗದ ಹಿಂದಿನ ಬದುಕು ನಮ್ಮೆದುರು ತೆರೆದುಕೊಳ್ಳುತ್ತದೆ. ಕಂಪನಿ ನಾಟಕಗಳ ಕ್ಯಾಂಪನ್ನು ಹತ್ತಿರದಿಂದ ಕಂಡ ನಮ್ಮ ತಲೆಮಾರಿನವರಿಗೆ ಆ ಬಣ್ಣದ ಕೋಣೆ, ಸಂಬಳದ ತಕರಾರು, ನಟಿಯರ ಅಸಹಾಯಕತೆ ಯಾವುದೂ ಹೊಸದೆನಿಸಲಾರದು. ಸತ್ಯ ಹೊರಬಿದ್ದಾಗ ನಮಗೆ ಉಂಟಾಗುವುದು ಗೆಲುವಿನ ಭಾವವಲ್ಲ, ಮರುಕ. ಅದಕ್ಕಾಗಿಯೇ ಇದನ್ನು ನಿಮ್ಮಿಬ್ಬರಿಗೂ ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ: ಕನ್ನಡದಲ್ಲಿ ಒಳ್ಳೆಯ ಅಪರಾಧ ಚಿತ್ರಗಳು ಬರತೊಡಗಿದ್ದು ಕಳೆದ ಹತ್ತು ವರ್ಷಗಳಿಂದ ಈಚೆಗೆ ಎಂದು ನನ್ನ ಗೆಳೆಯರು ವಾದಿಸುತ್ತಾರೆ. ಇದು ನಿಜವೇ?
ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ನಿಜವಲ್ಲ. ನಿಮ್ಮ ಗೆಳೆಯರಿಗೆ ಶಂಕರ್ ನಾಗ್ ನಿರ್ದೇಶಿಸಿದ ‘ಆಕ್ಸಿಡೆಂಟ್’ ತೋರಿಸಿ. 1980ರ ದಶಕದ ನಡುವೆ ಬಂದ ಈ ಚಿತ್ರದಲ್ಲಿ ಮಾದಕ ವಸ್ತುವಿನ ಅಮಲಿನಲ್ಲಿರುವ ಯುವಕನೊಬ್ಬನ ಕಾರು ಬೆಂಗಳೂರಿನ ಫುಟ್‌ಪಾತಿನಲ್ಲಿ ಮಲಗಿದ್ದ ಬಡವರ ಮೇಲೆ ಹರಿಯುತ್ತದೆ. ಆತ ಪ್ರಭಾವಿ ರಾಜಕಾರಣಿಯ ಮಗ. ಅನಂತ್ ನಾಗ್ ಆ ರಾಜಕಾರಣಿಯಾಗಿಯೂ ಶಂಕರ್ ನಾಗ್ ಬೆನ್ನು ಹತ್ತುವ ಪತ್ರಕರ್ತನಾಗಿಯೂ ನಟಿಸಿದ್ದಾರೆ. ತಪ್ಪಿತಸ್ಥ ಯಾರು ಎಂಬುದು ನಮಗೆ ಮೊದಲೇ ಗೊತ್ತು. ಸಾಕ್ಷ್ಯ ಹೇಗೆ ಕರಗುತ್ತದೆ, ಯಾವ ಮೇಜಿನಿಂದ ಯಾವ ಮೇಜಿಗೆ ಮಾತು ಹೋಗುತ್ತದೆ, ಸತ್ತವರ ಹೆಸರು ಎಷ್ಟು ಬೇಗ ಕಾಗದದಿಂದ ಅಳಿಸಿಹೋಗುತ್ತದೆ ಎಂಬುದರಲ್ಲಿ ಚಿತ್ರದ ಬಿಗಿ ಇದೆ. ಇಂಥ ಸುದ್ದಿಗಳನ್ನು ನಾವು ಇಂದಿಗೂ ಓದುತ್ತಲೇ ಇದ್ದೇವೆ ಎಂಬುದನ್ನು ನೆನೆದರೆ, ಆ ಕಾಲಕ್ಕೇ ಇದನ್ನು ಇಷ್ಟು ನೇರವಾಗಿ ಹೇಳಿದ ಧೈರ್ಯಕ್ಕೆ ತಲೆಬಾಗಬೇಕೆನಿಸುತ್ತದೆ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ದೊರೆತಿತ್ತು.

ಅದಕ್ಕೂ ಮೊದಲೇ, 1978ರಲ್ಲಿ, ಕಾಶಿನಾಥ್ ‘ಅಪರಿಚಿತ’ ಮಾಡಿದ್ದರು. ಸುನೀಲ್ ಕುಮಾರ್ ದೇಸಾಯಿ ಅವರು ‘ತರ್ಕ’ (1989) ಚಿತ್ರದಲ್ಲಿ ಒಂದೂ ಹಾಡಿಲ್ಲದೆ ಪ್ರೇಕ್ಷಕರನ್ನು ಹಿಡಿದು ಕೂರಿಸಿದರು. 1993ರ ‘ನಿಷ್ಕರ್ಷ’ದಲ್ಲಿ ಬ್ಯಾಂಕ್ ದರೋಡೆಯ ಕಥೆಯನ್ನು ಕಟ್ಟಡವೊಂದರ ಒಳಹೊರಗಷ್ಟೇ ನಡೆಸಿ ತೋರಿಸಿದರು. ಹಾಡು, ಹಾಸ್ಯದ ಉಪಕಥೆಗಳಿಲ್ಲದೆ ಚಿತ್ರ ಓಡುವುದಿಲ್ಲ ಎಂದು ನಂಬಿದ್ದ ಉದ್ಯಮದಲ್ಲಿ ಇದು ಸಣ್ಣ ಸಾಹಸವಾಗಿರಲಿಲ್ಲ.

ಈಚಿನವುಗಳಲ್ಲಿ ಹೇಮಂತ್ ಎಂ. ರಾವ್ ಅವರ ಎರಡು ಚಿತ್ರಗಳನ್ನು ಒಂದರ ಹಿಂದೊಂದು ನೋಡಿ. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಮರೆವಿನ ಕಾಯಿಲೆಯ ತಂದೆಯೊಬ್ಬರು ಕಾಣೆಯಾಗುವ ಕಥೆ. ಅದರೊಳಗೆ ಕೊಲೆಗಡುಕನೊಬ್ಬನ ಎಳೆ ಹೆಣೆದುಕೊಂಡಿದೆ. ‘ಕವಲುದಾರಿ’ (2019) ಹಳೆಯ ಅಸ್ಥಿಗಳು ಪತ್ತೆಯಾದಾಗ ಅಪರಾಧ ವಿಭಾಗಕ್ಕೆ ಸೇರಲು ಹಂಬಲಿಸುವ ಸಂಚಾರ ಪೊಲೀಸ್ ಅಧಿಕಾರಿಯೊಬ್ಬ ದಶಕಗಳ ಹಿಂದಿನ ಪ್ರಕರಣವನ್ನು ಕೆದಕುವ ಕಥೆ. ಎರಡರಲ್ಲೂ ಅನಂತ್ ನಾಗ್ ಇದ್ದಾರೆ. ಎರಡನೆಯದು ರಚನೆಯಲ್ಲಿ ಹೆಚ್ಚು ಅಚ್ಚುಕಟ್ಟು, ಆದರೆ ನನ್ನ ಒಲವು ಮೊದಲನೆಯದರ ಕಡೆಗೆ: ತನ್ನ ಹೆಸರನ್ನೇ ಮರೆಯುತ್ತಿರುವ ವೃದ್ಧನ ಸಹವಾಸದಲ್ಲಿ ಕ್ರೌರ್ಯವೂ ತುಸು ಹೊತ್ತು ತಡವರಿಸುವುದನ್ನು ಅದು ನಂಬುವಂತೆ ತೋರಿಸುತ್ತದೆ.

ಪ್ರಶ್ನೆ: ‘ಉಳಿದವರು ಕಂಡಂತೆ’ ನೋಡುವ ಮೊದಲು ‘ರಾಶೊಮೊನ್’ ನೋಡಿರಬೇಕೇ? ಇನ್ನೊಂದು ಮಾತು: ‘ಗರುಡ ಗಮನ ವೃಷಭ ವಾಹನ’ ಹಿಂಸೆಯನ್ನು ವೈಭವೀಕರಿಸುತ್ತದೆ ಎಂಬ ಆಕ್ಷೇಪವನ್ನು ನೀವು ಒಪ್ಪುವಿರಾ?
ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಮೊದಲು ನೋಡಿರಲೇಬೇಕೆಂದಿಲ್ಲ, ಆದರೆ ‘ರಾಶೊಮೊನ್’ ನೋಡದೆ ಉಳಿಯಬಾರದು. 1950ರ ಆ ಜಪಾನಿ ಚಿತ್ರ ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಲಯನ್ ಪಡೆಯಿತು. ಕಾಡಿನಲ್ಲಿ ಸತ್ತ ಸಮುರಾಯ್ ಒಬ್ಬನ ಬಗ್ಗೆ ದರೋಡೆಕೋರ, ಸತ್ತವನ ಹೆಂಡತಿ, ಸತ್ತವರ ಆತ್ಮ ಮೈಮೇಲೆ ಬರುವ ಹೆಂಗಸೊಬ್ಬಳ ಬಾಯಿಂದ ಮಾತನಾಡುವ ಸತ್ತವನು, ಕಟ್ಟಿಗೆ ಕಡಿಯುವವನು ಒಂದಕ್ಕೊಂದು ಹೊಂದದ ನಾಲ್ಕು ಕಥೆಗಳನ್ನು ಹೇಳುತ್ತಾರೆ. ಗಮನಿಸಬೇಕಾದ ಸೂಕ್ಷ್ಮವೆಂದರೆ ಅಲ್ಲಿ ದರೋಡೆಕೋರ, ಹೆಂಡತಿ, ಸತ್ತವನು ಮೂವರೂ ಆ ಸಾವಿನ ಹೊಣೆಯನ್ನು ತಮ್ಮ ತಮ್ಮ ಮೇಲೆಯೇ ಎಳೆದುಕೊಳ್ಳುವಂತೆ ಕಥೆ ಹೇಳುತ್ತಾರೆ. ಶಿಕ್ಷೆಯ ಭಯಕ್ಕಿಂತ ಮಾನದ ಚಿಂತೆ ಅವರನ್ನು ಹೆಚ್ಚಾಗಿ ಕಾಡುತ್ತದೆ.

ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ (2014) ಆ ವಿಧಾನವನ್ನು ಎರವಲು ಪಡೆದರೂ ಅದರ ಉದ್ದೇಶ ಬೇರೆ. ಪತ್ರಕರ್ತೆಯೊಬ್ಬಳು ಸಂಗ್ರಹಿಸುವ ನೆನಪುಗಳು ಒಂದನ್ನೊಂದು ಸುಳ್ಳಾಗಿಸುವುದಕ್ಕಿಂತ ಹೆಚ್ಚಾಗಿ ಒಂದಕ್ಕೊಂದು ಪೂರಕವಾಗಿ ಬರುತ್ತವೆ. ಅಷ್ಟಮಿಯ ಹುಲಿವೇಷ, ಮಲ್ಪೆಯ ದೋಣಿಗಳು, ಅಲ್ಲಿನವರ ಕನ್ನಡ, ಮಗನಿಗಾಗಿ ಕಾಯುವ ತಾಯಿ ಇವೆಲ್ಲ ಸೇರಿ ಒಂದು ಊರನ್ನು ಕಟ್ಟಿಕೊಡುತ್ತವೆ. ಮೊದಲ ನೋಟಕ್ಕೆ ಗೋಜಲೆನಿಸಿದರೆ ಬಿಟ್ಟುಬಿಡಬೇಡಿ. ಎರಡನೆಯ ಸಲ ನೋಡುವಾಗ ಹಿಂದೆ ಕೇಳಿಸದೆ ಹೋದ ಮಾತುಗಳು ಕೇಳಿಸುತ್ತವೆ.

ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ (2021) ಕುರಿತ ಆಕ್ಷೇಪವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕೊಲೆಯ ನಂತರ ಹುಲಿವೇಷದ ಹೆಜ್ಜೆ ಹಾಕುವ ಶಿವ ಎಂಬ ಪಾತ್ರದ ದೃಶ್ಯವನ್ನು ಚಿತ್ರಮಂದಿರಗಳಲ್ಲಿ ಶಿಳ್ಳೆ ಹೊಡೆದು ಸ್ವಾಗತಿಸಿದ್ದುಂಟು. ಆ ದೃಶ್ಯದ ಲಯ ಅಂಥ ಪ್ರತಿಕ್ರಿಯೆಯನ್ನು ಬೇಡುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅದೇ ಚಿತ್ರ, ಗೆಳೆತನವೊಂದು ಭಯವಾಗಿ, ಭಯ ಸಂಶಯವಾಗಿ ಮಾರ್ಪಡುವುದನ್ನೂ, ಗೋಪಾಲಕೃಷ್ಣ ದೇಶಪಾಂಡೆ ಅವರ ಪೊಲೀಸ್ ಅಧಿಕಾರಿ ತನ್ನ ನೆಮ್ಮದಿ ಕಳೆದುಕೊಳ್ಳುವುದನ್ನೂ ಅಷ್ಟೇ ಶ್ರದ್ಧೆಯಿಂದ ತೋರಿಸುತ್ತದೆ. ಯಾವ ಪಾತ್ರಕ್ಕೂ ಹಿಂಸೆಯಿಂದ ಸುಖ ದೊರೆಯುವುದಿಲ್ಲ. ಎಳೆಯ ಮಕ್ಕಳೊಂದಿಗೆ ನೋಡುವ ಚಿತ್ರ ಇದಲ್ಲ. ವಯಸ್ಕರು ನೋಡಿ ಚರ್ಚಿಸಬೇಕಾದ ಚಿತ್ರ.

ಪ್ರಶ್ನೆ: ಹತ್ತನೆಯ ತರಗತಿ ಮುಗಿಸಿದ ನನ್ನ ಮಗನಿಗೆ ಕಾನೂನು ಓದುವ ಆಸೆ. ಅವನೊಂದಿಗೆ ಕುಳಿತು ನೋಡಬಹುದಾದ, ನ್ಯಾಯಾಲಯ ಮತ್ತು ಪೊಲೀಸ್ ವ್ಯವಸ್ಥೆಯ ನೈಜ ಚಿತ್ರಣವಿರುವ ಸಿನಿಮಾಗಳು ಯಾವುವು?
ಗೃಹಿಣಿ, ಮೈಸೂರು

ಉತ್ತರ: ‘12 ಆಂಗ್ರಿ ಮೆನ್’ (1957) ಇಂದ ಆರಂಭಿಸಿ. ತಂದೆಯನ್ನು ಇರಿದು ಕೊಂದ ಆರೋಪ ಹೊತ್ತ ಹುಡುಗನೊಬ್ಬನ ಭವಿಷ್ಯವನ್ನು ನಿರ್ಧರಿಸಲು ಹನ್ನೆರಡು ಮಂದಿ ಜ್ಯೂರಿಗಳು ಸೆಕೆಯ ಕೋಣೆಯೊಂದರಲ್ಲಿ ಸೇರುತ್ತಾರೆ. ಹನ್ನೊಂದು ಮಂದಿ ಅಪರಾಧಿ ಎನ್ನುತ್ತಾರೆ, ಒಬ್ಬ ಮಾತ್ರ ಸ್ವಲ್ಪ ಮಾತನಾಡೋಣ ಎನ್ನುತ್ತಾನೆ. ನಮ್ಮಲ್ಲಿ ಈಗ ಜ್ಯೂರಿ ಪದ್ಧತಿ ಇಲ್ಲದಿದ್ದರೂ ಸಂದೇಹದ ಲಾಭ ಎಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಮಗನಿಗೆ ಮನಗಾಣಿಸುವುದು ಕಷ್ಟ. ಇಂಗ್ಲಿಷ್ ತೊಡಕಾದರೆ ಬಾಸು ಚಟರ್ಜಿ ಹಿಂದಿಯಲ್ಲಿ ಮಾಡಿದ ‘ಏಕ್ ರುಕಾ ಹುವಾ ಫೈಸಲಾ’ ಇದೆ.

ಬಳಿಕ ಚೈತನ್ಯ ತಮ್ಹಾಣೆ ಅವರ ‘ಕೋರ್ಟ್’ (2014) ನೋಡಿ. ಮುಂಬೈನ ಜನಪದ ಗಾಯಕನೊಬ್ಬನ ಹಾಡು ಕೇಳಿ ಚರಂಡಿ ಕಾರ್ಮಿಕನೊಬ್ಬ ಆತ್ಮಹತ್ಯೆ ಮಾಡಿಕೊಂಡನೆಂಬ ಆರೋಪದ ಮೇಲೆ ಆ ಗಾಯಕನ ವಿಚಾರಣೆ ನಡೆಯುತ್ತದೆ. ಮೇಜು ಗುದ್ದುವ ವಾದ, ಕಣ್ಣೀರಿನ ಭಾಷಣ ಏನೂ ಇಲ್ಲ. ದಿನಾಂಕ ಮುಂದಕ್ಕೆ ಹೋಗುತ್ತದೆ, ಸಾಕ್ಷಿ ಬರುವುದಿಲ್ಲ, ಇನ್ನೊಂದು ದಿನಾಂಕ ಸಿಗುತ್ತದೆ. ಕ್ಯಾಮೆರಾ ಸರ್ಕಾರಿ ವಕೀಲೆಯ ಹಿಂದೆ ಅವರ ಮನೆಯ ಅಡುಗೆಕೋಣೆಯವರೆಗೂ, ಆರೋಪಿಯ ಪರ ವಕೀಲನ ಹಿಂದೆ ಅಂಗಡಿಯವರೆಗೂ ಹೋಗಿ, ತೀರ್ಪು ನೀಡುವ ವ್ಯವಸ್ಥೆಯೊಳಗೆ ಇರುವವರು ನಮ್ಮ ನೆರೆಹೊರೆಯವರೇ ಎಂಬುದನ್ನು ಕಾಣಿಸುತ್ತದೆ. ನಿಧಾನವೆಂದು ಮಗ ಗೊಣಗಬಹುದು. ಆ ನಿಧಾನವೇ ಅಲ್ಲಿನ ವಿಷಯ ಎಂದು ಅವನಿಗೆ ಹೇಳಿ.

ಪೊಲೀಸ್ ಠಾಣೆಯ ದೈನಂದಿನ ಬದುಕಿಗೆ ದಿಲೀಶ್ ಪೋತನ್ ಅವರ ಮಲಯಾಳಂ ಚಿತ್ರ ‘ತೊಂಡಿಮುದಲುಂ ದೃಕ್‌ಸಾಕ್ಷಿಯುಂ’ (2017) ಇದೆ. ಬಸ್ಸಿನಲ್ಲಿ ಕದ್ದ ಚಿನ್ನದ ಸರವನ್ನು ಕಳ್ಳ ನುಂಗಿಬಿಡುತ್ತಾನೆ. ಇರುವುದು ಅಷ್ಟೇ ಕಥೆ. ನಮ್ಮ ಗಡಿಗೆ ತಾಗಿದ ಕಾಸರಗೋಡಿನಲ್ಲಿ ನಡೆಯುವ ಈ ಚಿತ್ರದಲ್ಲಿ ನಿಜವಾದ ಪೊಲೀಸ್ ಸಿಬ್ಬಂದಿಯೇ ಹಲವು ಪಾತ್ರಗಳನ್ನು ನಿರ್ವಹಿಸಿದ್ದಾರೆ. ಕಳ್ಳನಾಗಿ ಫಹಾದ್ ಫಾಸಿಲ್ ಅವರ ಮುಗುಳ್ನಗೆಯನ್ನು ಮರೆಯಲಾಗದು. ಪೊಲೀಸ್ ದೌರ್ಜನ್ಯವನ್ನು ಮುಖಾಮುಖಿ ತೋರಿಸುವ ವೆಟ್ರಿಮಾರನ್ ಅವರ ‘ವಿಸಾರಣೈ’ ಕೂಡ ಮಹತ್ವದ ಚಿತ್ರವೇ. ಆದರೆ ಅದರ ಹೊಡೆತದ ದೃಶ್ಯಗಳು ಹದಿನಾರರ ಹುಡುಗನಿಗೆ ಭಾರವಾದಾವು. ಕಾನೂನು ಕಾಲೇಜಿಗೆ ಸೇರಿದ ಮೇಲೆ ನೋಡಲಿ.

ಪ್ರಶ್ನೆ: ನಿಜ ಘಟನೆಗಳನ್ನು ಆಧರಿಸಿದ ಅಪರಾಧ ಚಿತ್ರಗಳಲ್ಲಿ ನಿಮ್ಮ ಆಯ್ಕೆ ಯಾವುದು?
ಪ್ರೌಢಶಾಲಾ ಶಿಕ್ಷಕರು, ಕಲಬುರಗಿ

ಉತ್ತರ: ದಕ್ಷಿಣ ಕೊರಿಯಾದ ಬಾಂಗ್ ಜೂನ್-ಹೊ ಅವರ ‘ಮೆಮೊರೀಸ್ ಆಫ್ ಮರ್ಡರ್’ (2003). ಮುಂದೆ ‘ಪ್ಯಾರಸೈಟ್’ ಚಿತ್ರಕ್ಕೆ ಆಸ್ಕರ್ ಗೆದ್ದವರು ಇವರೇ. 1986ರಿಂದ 1991ರವರೆಗೆ ಹ್ವಾಸೊಂಗ್ ಎಂಬ ಗ್ರಾಮೀಣ ಪ್ರದೇಶದಲ್ಲಿ ನಡೆದ ಮಹಿಳೆಯರ ಸರಣಿ ಕೊಲೆಗಳು ಇದರ ಮೂಲ. ಚಿತ್ರ ತೆರೆಗೆ ಬಂದಾಗ ಕೊಲೆಗಾರ ಯಾರೆಂಬುದು ಲೋಕಕ್ಕೆ ತಿಳಿದಿರಲಿಲ್ಲ. ಮುಖ ನೋಡಿಯೇ ಅಪರಾಧಿಯನ್ನು ಗುರುತಿಸಬಲ್ಲೆನೆಂದು ನಂಬಿದ ಹಳ್ಳಿಯ ಪತ್ತೇದಾರ, ಕಾಗದಪತ್ರ ಸುಳ್ಳಾಡದು ಎಂದು ನಂಬಿದ ನಗರದ ಪತ್ತೇದಾರ ಇಬ್ಬರೂ ಸೋಲುತ್ತಾ ಹೋಗುತ್ತಾರೆ. ಸಿಕ್ಕಿದವರನ್ನು ಹೊಡೆದು ತಪ್ಪೊಪ್ಪಿಗೆ ಬರೆಸಿಕೊಳ್ಳುವ ಠಾಣೆ, ನಾಗರಿಕರ ರಕ್ಷಣೆಗಿಂತ ಪ್ರತಿಭಟನೆಗಳನ್ನು ಅಡಗಿಸುವುದರಲ್ಲಿ ನಿರತವಾದ ಸರ್ಕಾರ, ಮಳೆ ಬಂದರೆ ನಡುಗುವ ಹೆಂಗಸರು, ಎಲ್ಲವೂ ಒಂದೇ ಚಿತ್ರದೊಳಗೆ ಬಂದಿವೆ.

ನಿಜ ಜೀವನದಲ್ಲಿ ಪ್ರಕರಣ ಬಿಡಿಸಿಕೊಂಡದ್ದು 2019ರಲ್ಲಿ. ಹಳೆಯ ಸಾಕ್ಷ್ಯಗಳ ಡಿಎನ್‌ಎ ಪರೀಕ್ಷೆಯಿಂದ, ಬೇರೊಂದು ಕೊಲೆಗಾಗಿ ಆಗಲೇ ಜೈಲಿನಲ್ಲಿದ್ದ ವ್ಯಕ್ತಿಯೊಬ್ಬ ಪತ್ತೆಯಾದ. ಈ ಕೊಲೆಗಳಲ್ಲಿ ಒಂದಕ್ಕೆ ಹೊಣೆಯೆಂದು ಸುಮಾರು ಇಪ್ಪತ್ತು ವರ್ಷ ಸೆರೆವಾಸ ಅನುಭವಿಸಿದ್ದ ಇನ್ನೊಬ್ಬ ನಿರಪರಾಧಿಯೆಂದು 2020ರಲ್ಲಿ ನ್ಯಾಯಾಲಯ ಘೋಷಿಸಿತು. ಠಾಣೆಯ ದೃಶ್ಯಗಳನ್ನು ಈ ಸಂಗತಿ ತಿಳಿದು ನೋಡಿದರೆ, ಮೊದಲು ನಗು ತರಿಸಿದ ಕಡೆಗಳಲ್ಲಿ ನಗು ಬರುವುದಿಲ್ಲ.

ಕನ್ನಡದಲ್ಲಿ ಈ ಸಾಲಿಗೆ ಸೇರುವುದು ಕೆ.ಎಂ. ಚೈತನ್ಯ ಅವರ ‘ಆ ದಿನಗಳು’ (2007). ಅಗ್ನಿ ಶ್ರೀಧರ್ ಅವರ ಆತ್ಮಕಥನದ ಆಧಾರದ ಮೇಲೆ 1980ರ ದಶಕದ ಬೆಂಗಳೂರಿನ ಭೂಗತ ಲೋಕವನ್ನು ಅದು ಅಬ್ಬರವಿಲ್ಲದೆ ಚಿತ್ರಿಸಿದೆ. ಕೊತ್ವಾಲನಾಗಿ ಶರತ್ ಲೋಹಿತಾಶ್ವ, ಜಯರಾಜನಾಗಿ ಆಶಿಶ್ ವಿದ್ಯಾರ್ಥಿ ಇಬ್ಬರೂ ದನಿ ಏರಿಸದೆಯೇ ಭಯ ಹುಟ್ಟಿಸುತ್ತಾರೆ.

ಪ್ರಶ್ನೆ: ಪರಭಾಷಾ ಚಿತ್ರಗಳನ್ನು ಡಬ್ ಆದ ರೂಪದಲ್ಲಿ ನೋಡುವುದು ಸರಿಯೇ, ಉಪಶೀರ್ಷಿಕೆಯೊಂದಿಗೆ ನೋಡುವುದು ಸರಿಯೇ?
ಓದುಗರು, ಕಾರವಾರ

ಉತ್ತರ: ಉಪಶೀರ್ಷಿಕೆಯೊಂದಿಗೆ ನೋಡಿ. ಅಪರಾಧ ಚಿತ್ರಗಳಲ್ಲಿ ಸುಳ್ಳು ಹೇಳುವವನ ದನಿಯೇ ಅರ್ಧ ಸಾಕ್ಷ್ಯ. ಓದುವುದು ಕಷ್ಟವಾಗುವ ಹಿರಿಯರು ಮನೆಯಲ್ಲಿದ್ದರೆ ಡಬ್ಬಿಂಗ್ ನೋಡುವುದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ: ಊರಿನಿಂದ ದೂರವಿರುವ ನಮಗೆ ದೊಡ್ಡ ತಾರೆಯರ ಕನ್ನಡ ಚಿತ್ರಗಳ ಸುದ್ದಿ ಮಾತ್ರ ತಲುಪುತ್ತದೆ. ಸದ್ದಿಲ್ಲದೆ ಬಂದುಹೋದ ಒಳ್ಳೆಯ ಚಿತ್ರಗಳನ್ನು ತಿಳಿಸಿ.
ಕನ್ನಡತಿ, ದುಬೈ

ಉತ್ತರ: ಪೃಥ್ವಿ ಕೋಣನೂರು ಅವರ ಹೆಸರನ್ನು ಬರೆದಿಟ್ಟುಕೊಳ್ಳಿ. ಅವರ ‘ಪಿಂಕಿ ಎಲ್ಲಿ?’ 2020ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವ ತಾಯಿ ಮಗುವನ್ನು ಆಯಾಳ ಬಳಿ ಬಿಟ್ಟಿದ್ದಾಳೆ. ಆಯಾ ಆ ಕೂಸನ್ನು ಭಿಕ್ಷೆ ಬೇಡುವವಳಿಗೆ ದಿನದ ಬಾಡಿಗೆಗೆ ಕೊಡುತ್ತಿರುತ್ತಾಳೆ; ಒಂದು ದಿನ ಕೂಸು ಅಲ್ಲಿಂದಲೂ ಕಾಣೆಯಾಗುತ್ತದೆ. ಹುಡುಕಾಟ ಸಾಗಿದಂತೆ ಯಾರ ಮೇಲೂ ಪೂರ್ತಿ ಸಿಟ್ಟು ಮಾಡಲು ನಮಗೆ ಸಾಧ್ಯವಾಗುವುದಿಲ್ಲ. ಪ್ರತಿಯೊಬ್ಬಳ ಹಿಂದೆಯೂ ಬಾಡಿಗೆ, ಸಾಲ, ಹಸಿವು ಅಥವಾ ಮುರಿದ ಮದುವೆಯೊಂದು ನಿಂತಿದೆ. ತಾಯಿಯಾಗಿ ಅಕ್ಷತಾ ಪಾಂಡವಪುರ ಅವರ ಅಭಿನಯ ನಮ್ಮ ಕಾಲದ ಅತ್ಯುತ್ತಮ ಅಭಿನಯಗಳಲ್ಲೊಂದು ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಪೃಥ್ವಿ ಅವರದೇ ‘ಹದಿನೇಳೆಂಟು’ (2022) ಇಬ್ಬರು ಪಿಯು ವಿದ್ಯಾರ್ಥಿಗಳ ಖಾಸಗಿ ವಿಡಿಯೊ ಹೊರಬಿದ್ದ ಮೇಲೆ ಕಾಲೇಜು, ಕುಟುಂಬ, ಜಾತಿ ಇವು ಹೇಗೆ ಆಟಕ್ಕಿಳಿಯುತ್ತವೆ ಎಂಬುದನ್ನು ಹಿಂಬಾಲಿಸುತ್ತದೆ.

ಇದಕ್ಕೆ ಮನ್ಸೋರೆ ಅವರ ‘ಆಕ್ಟ್ 1978’ (2020) ಸೇರಿಸಿ: ತುಂಬು ಗರ್ಭಿಣಿಯೊಬ್ಬಳು ಸರ್ಕಾರಿ ಕಚೇರಿಯನ್ನೇ ಒತ್ತೆಯಾಗಿಟ್ಟುಕೊಳ್ಳುವ ಕಥೆ. ಮಲೆನಾಡಿನ ಸಣ್ಣ ಸಸ್ಯಾಹಾರಿ ಹೋಟೆಲೊಂದರಲ್ಲಿ ನಡೆಯುವ ‘ಶಾಖಾಹಾರಿ’ (2024) ಚಿತ್ರವನ್ನೂ ಮರೆಯಬೇಡಿ. ಹಾಸ್ಯನಟರೆಂದೇ ಬಹುಮಂದಿ ನೆನಪಿಟ್ಟುಕೊಂಡಿರುವ ರಂಗಾಯಣ ರಘು ಅಲ್ಲಿ ಅಡುಗೆಯವನಾಗಿ ಬೇರೆಯೇ ಮನುಷ್ಯನಂತೆ ಕಾಣುತ್ತಾರೆ. ಇಂಥ ಚಿತ್ರಗಳು ಒಂದು ಒಟಿಟಿ ವೇದಿಕೆಯಿಂದ ಇನ್ನೊಂದಕ್ಕೆ ಹೋಗುತ್ತಿರುವುದರಿಂದ ನಿರ್ದೇಶಕರ ಹೆಸರಿನಿಂದ ಹುಡುಕುವುದು ಸುಲಭ. ನಿಮ್ಮಲ್ಲಿ ಕನ್ನಡ ಸಂಘವಿದ್ದರೆ ನಿರ್ಮಾಪಕರ ಅನುಮತಿ ಪಡೆದು ಒಂದು ಪ್ರದರ್ಶನ ಏರ್ಪಡಿಸಲು ಪ್ರಯತ್ನಿಸಿ. ಆರಂಭಕ್ಕೆ ‘ಪಿಂಕಿ ಎಲ್ಲಿ?’ ಆಗಲಿ, ಮುಗಿದ ಮೇಲೆ ಮಾತುಕತೆಗೆ ಒಂದು ಗಂಟೆಯನ್ನಾದರೂ ಬಿಟ್ಟಿರಿ.